ಹರಿಕೇನ್ ಕಾಲಕ್ಕೆ ಪೋರ್ಚ್, ಪ್ಯಾಟಿಯೊ, ಲನಾಯ್ ಸಜ್ಜು ಮಾಡುವ ಬಗೆ: ಮೇ ತಿಂಗಳಿಂದ ಗಾಳಿ ಬರುವ ಗಳಿಗೆಯವರೆಗೆ

ಅಟ್ಲಾಂಟಿಕ್ ಸಾಗರದ ಹರಿಕೇನ್, ಅಂದರೆ ಚಂಡಮಾರುತದ, ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದು ತುತ್ತತುದಿ ಮುಟ್ಟುವುದು ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ. ಗೌರಿ ಗಣೇಶ, ನವರಾತ್ರಿ ಎಂದು ಪೋರ್ಚಿಗೆ ತೋರಣ, ಸೀರಿಯಲ್ ಸೆಟ್ ಕಟ್ಟುವ ದಿನಗಳೂ ಇವೇ. 2024ರಲ್ಲಿ ಹೆಲೀನ್ ಎಂಬ ಹರಿಕೇನ್ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾದ ಬಿಗ್ ಬೆಂಡ್ ಕರಾವಳಿಗೆ ಅಪ್ಪಳಿಸಿತು. ಹದಿಮೂರೇ ದಿನ ಕಳೆದು, ನವರಾತ್ರಿಯ ನಡುವೆ, ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಎಂಬ ಇನ್ನೊಂದು ಅದೇ ರಾಜ್ಯದ ಸಿಯೆಸ್ಟಾ ಕೀ ಬಳಿ ನೆಲ ಮುಟ್ಟಿತು. ಹೆಲೀನ್ ಬಂದಾಗ ಸಮುದ್ರದ ನೀರು ನುಗ್ಗಿ ಹಾಳಾದ ಸಾಮಾನು ಟ್ಯಾಂಪಾ ಕೊಲ್ಲಿಯ ಸುತ್ತಲಿನ ಬೀದಿಬದಿಯಲ್ಲಿ ಇನ್ನೂ ರಾಶಿ ಬಿದ್ದಿರುವಾಗಲೇ ಎರಡನೆಯದು ಬಂದೇಬಿಟ್ಟಿತು. ಒಂದು ಹೋಯಿತೆಂದು ಕುರ್ಚಿ ಮೇಜು ಹೊರಗೆ ಹಾಕಿ ಮರೆಯುವ ಹಾಗಿಲ್ಲ.

ಫ್ಲಾರಿಡಾ, ಟೆಕ್ಸಸ್, ಕ್ಯಾರೊಲಿನಾ ಕಡೆ ಮನೆ ಮಾಡಿರುವ ಕನ್ನಡಿಗರಲ್ಲಿ ಹೊಸಬರಿಗೆ ಮೊದಲು ಹೆಸರುಗಳು ಗೊತ್ತಿರಲಿ. ಮುಂಬಾಗಿಲ ಮುಂದೆ ಕಂಬ ನಿಲ್ಲಿಸಿ ಮಾಡು ಇಳಿಸಿದ್ದು ಪೋರ್ಚ್, ಹೆಚ್ಚುಕಡಿಮೆ ನಮ್ಮ ಜಗಲಿ. ಹಿಂದೆ ಕಾಂಕ್ರೀಟ್ ಅಥವಾ ಪೇವರ್ ಹಾಸಿದ ತೆರೆದ ಅಂಗಳ ಪ್ಯಾಟಿಯೊ. ಅದಕ್ಕೆ ಮಾಡು ಹಾಕಿ ಸುತ್ತ ಸೊಳ್ಳೆಪರದೆ ಕಟ್ಟಿದರೆ ಫ್ಲಾರಿಡಾದವರ ಬಾಯಲ್ಲಿ ಲನಾಯ್. ಈಜುಕೊಳವನ್ನೂ ಒಳಗೆ ಸೇರಿಸಿ ಅಲ್ಯುಮಿನಿಯಂ ಚೌಕಟ್ಟಿನ ಪರದೆಗೂಡು ನಿಲ್ಲಿಸಿದರೆ ಅದು ಪೂಲ್ ಕೇಜ್. ನಾಲ್ಕಕ್ಕೂ ಸಮಾನವಾದ ಒಂದು ಸಂಗತಿಯಿದೆ: ಗಾಳಿ ಮೊದಲು ಕೈಹಾಕುವುದು ಇಲ್ಲಿಗೇ, ಮತ್ತು ಇಲ್ಲಿ ಕಳಚಿದ್ದು ಮೊದಲು ಬಡಿಯುವುದು ನಿಮ್ಮದೇ ಮನೆಯ ಗಾಜಿನ ಬಾಗಿಲಿಗೆ. ಆ ಬಾಗಿಲು ಒಡೆದರೆ ಗಾಳಿ ಒಳಹೊಕ್ಕು ಚಾವಣಿಯನ್ನು ಒಳಗಿಂದ ಮೇಲಕ್ಕೆ ತಳ್ಳುತ್ತದೆ. ಪ್ಯಾಟಿಯೊ ಖಾಲಿ ಮಾಡುವುದೆಂದರೆ ಮನೆಯ ಚಾವಣಿಯನ್ನೇ ಕಾಯುವುದು.

ಮೊದಲು ಗಾಳಿಯ ಲೆಕ್ಕ

ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಎಷ್ಟು ಮೈಲಿ ಎಂಬ ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.00256ರಿಂದ ಗುಣಿಸಿದರೆ ಒಂದು ಚದರ ಅಡಿಯ ಮೇಲೆ ಎಷ್ಟು ಪೌಂಡ್ ಒತ್ತಡ ಬೀಳುತ್ತದೆಂದು ಸಿಗುತ್ತದೆ. 50 ಮೈಲಿಗೆ 6.4 ಪೌಂಡ್. 74 ಮೈಲಿಗೆ 14, ಹರಿಕೇನ್ ಎಂಬ ಹೆಸರು ಬರುವುದು ಇಲ್ಲಿಂದ. 100 ಮೈಲಿಗೆ 25.6. 130 ಮೈಲಿಗೆ, ಅಂದರೆ ಹರಿಕೇನಿನ ಐದು ದರ್ಜೆಗಳಲ್ಲಿ ನಾಲ್ಕನೆಯದರ ಹೊಸ್ತಿಲಲ್ಲಿ, 43.

ನಾಲ್ಕು ಅಡಿ ಅಗಲದ ದುಂಡುಮೇಜು ಮಗುಚಿ, ಅದರ ಹಲಗೆ ಗಾಳಿಗೆ ಎದುರಾಗಿ ನಿಂತಿತೆನ್ನಿ. 100 ಮೈಲಿಯ ಗಾಳಿಯಲ್ಲಿ ಅದರ ಮೇಲೆ 320 ಪೌಂಡಿನಷ್ಟು ಬಲ ಬೀಳುತ್ತದೆ. ಮೇಜಿನ ತೂಕ ನಲವತ್ತು ಪೌಂಡ್ ಇದ್ದರೆ ಹೆಚ್ಚು. 'ಭಾರ ಇದೆ, ಎಲ್ಲಿ ಹೋಗುತ್ತೆ' ಎಂಬ ಮಾತು ಇಲ್ಲಿಗೇ ಮುಗಿಯಿತು.

ಇನ್ನು ಮಾಡು. 10 ಅಡಿ ಅಗಲ, 20 ಅಡಿ ಉದ್ದದ ಪೋರ್ಚ್ ಮಾಡೆಂದರೆ 200 ಚದರ ಅಡಿ. 100 ಮೈಲಿಯ ಗಾಳಿಗೆ ಅದರ ಮೇಲಿನ ಬಲ 5,000 ಪೌಂಡ್ ದಾಟುತ್ತದೆ. ಸುತ್ತ ತೆರೆದ ಮಾಡಿಗೆ ಕೆಳಗಿಂದ ನೂಕು, ಮೇಲಿಂದ ಎಳೆತ ಎರಡೂ ಒಟ್ಟಿಗೆ ಬೀಳುವುದರಿಂದ ಮೂಲೆಗಳಲ್ಲಿ ಇನ್ನೂ ಹೆಚ್ಚು. ಶಿಂಗಲ್ ಹೊದಿಸಿದ ಮರದ ಮಾಡಿನ ಸ್ವಂತ ತೂಕ ಚದರ ಅಡಿಗೆ 10ರಿಂದ 15 ಪೌಂಡ್, ಒಟ್ಟು ಎರಡರಿಂದ ಮೂರು ಸಾವಿರ. ಉಳಿದ ಎರಡು ಸಾವಿರಕ್ಕೂ ಮೇಲಿನ ಪೌಂಡನ್ನು ಕೆಳಗೆ ಹಿಡಿದಿಡಬೇಕಾದ್ದು ಮೊಳೆ, ಪಟ್ಟಿ, ಬೋಲ್ಟು ಮತ್ತು ಕಂಬದ ಬುಡದ ಕಾಂಕ್ರೀಟು. ನಮ್ಮ ಮಲೆನಾಡಿನ ಮನೆ ಮಳೆಯ ಭಾರ ಹೊರಲು ಕಟ್ಟಿದ್ದು. ಇಲ್ಲಿಯ ಪೋರ್ಚು ಮೇಲಕ್ಕೆ ಏಳದಂತೆ ಹಿಡಿಯಲು ಕಟ್ಟಿರಬೇಕು. ತಪಾಸಣೆ ಮಾಡುವಾಗ ಕಣ್ಣು ಹುಡುಕಬೇಕಾದ್ದು ಇದನ್ನೇ.

ಮೇ ತಿಂಗಳ ಕೆಲಸ: ಮಾಡು ಮತ್ತು ಕಂಬ

ಏಣಿ, ಟಾರ್ಚು, ಚೂಪು ಸ್ಕ್ರೂಡ್ರೈವರ್ ಹಿಡಿದು ಮೇಲಿನಿಂದ ಕೆಳಕ್ಕೆ ಬನ್ನಿ. ಪ್ರತಿ ಜಂತೆ ತೊಲೆಯ ಮೇಲೆ ಕೂರುವ ಜಾಗದಲ್ಲಿ ಹರಿಕೇನ್ ಟೈ ಎಂಬ ತಗಡಿನ ಪಟ್ಟಿ ಇರಬೇಕು. ಇದ್ದರೆ ಅದರ ಪ್ರತಿ ತೂತಿನಲ್ಲೂ ಮೊಳೆ ಇದೆಯೇ ಎಣಿಸಿ. ಹತ್ತು ತೂತಿಗೆ ಆರು ಮೊಳೆ ಹೊಡೆದು ಮುಗಿಸಿರುವುದು ತೀರ ಸಾಮಾನ್ಯ ತಪ್ಪು. ಪಟ್ಟಿಯ ಬಲ ಮೊಳೆಗಳ ಬಲವೇ ಹೊರತು ತಗಡಿನದ್ದಲ್ಲ. ಪಟ್ಟಿಯೇ ಇಲ್ಲದಿದ್ದರೆ ಪ್ರತಿ ಜಂತೆಗೆ ಒಂದರಂತೆ ಹಾಕಿಸಿ. ತಯಾರಕರು ಹೇಳಿದ ದಪ್ಪ ಮತ್ತು ಉದ್ದದ ಮೊಳೆಯನ್ನೇ ಬಳಸಿ. ಡ್ರೈವಾಲ್ ಸ್ಕ್ರೂ ಕೈಗೆ ಸಿಕ್ಕಿತೆಂದು ಹಾಕಬೇಡಿ. ಅದು ಗಡುಸು, ಆದರೆ ಪೆಡಸು. ಅಡ್ಡಬಲ ಬಿದ್ದಾಗ ಬಾಗದೆ ಪಟಕ್ಕನೆ ತುಂಡಾಗುತ್ತದೆ. ತಾಮ್ರದ ಲವಣ ಕುಡಿಸಿದ ಟ್ರೀಟೆಡ್ ಮರಕ್ಕೆ ಬಿಸಿ ಸತುವಿನಲ್ಲಿ ಅದ್ದಿದ ಮೊಳೆ ಬೇಕು, ಸಮುದ್ರದ ಉಪ್ಪುಗಾಳಿ ತಾಗುವಲ್ಲಿ 316 ದರ್ಜೆಯ ಸ್ಟೇನ್‌ಲೆಸ್. ಬರಿ ಉಕ್ಕಿನ ಮೊಳೆಯನ್ನು ಆ ಮರವೇ ತಿಂದುಹಾಕುತ್ತದೆ.

ತೊಲೆ ಕಂಬಕ್ಕೆ, ಕಂಬ ನೆಲಕ್ಕೆ ಸೇರುವ ಎರಡು ಜಾಗ ಅದಕ್ಕಿಂತ ಮುಖ್ಯ. ಸರಪಣಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೆ ಮೇಲೆ ಎಷ್ಟು ಪಟ್ಟಿ ಹೊಡೆದರೂ ಪ್ರಯೋಜನವಿಲ್ಲ. ಮರದ ಕಂಬದ ಬುಡದ ಆರಂಗುಲದ ಉದ್ದಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಲಭವಾಗಿ ಕಾಲಂಗುಲ ಇಳಿದರೆ ಒಳಗೆ ಕೊಳೆತಿದೆ. ಬಣ್ಣ ಹಚ್ಚಿ ಮುಚ್ಚಿದ ಕಂಬಗಳಲ್ಲಿ ಇದು ಹೊರಗೆ ಕಾಣುವುದಿಲ್ಲ. ಕಂಬ ನೇರವಾಗಿ ಕಾಂಕ್ರೀಟಿನ ಮೇಲೆ ಕೂತಿದ್ದರೆ ನೀರು ಹೀರುತ್ತಲೇ ಇರುತ್ತದೆ; ಸುಮಾರು ಒಂದಂಗುಲ ಎತ್ತರಿಸಿ ಹಿಡಿಯುವ ಲೋಹದ ಪಾದ ಬೇಕು. ಪೊಳ್ಳು ಫೈಬರ್‌ಗ್ಲಾಸ್ ಅಥವಾ ಅಲ್ಯುಮಿನಿಯಂ ಕಂಬವಾದರೆ ಮೇಲೆ ಕೆಳಗೆ ಎರಡೂ ಕಡೆ ಕೋನಪಟ್ಟಿ, ಬೋಲ್ಟು ಇದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಅಂಥ ಕಂಬ ಮಾಡಿನ ಭಾರದಿಂದಷ್ಟೇ ನಿಂತಿರುತ್ತದೆ. ಮಾಡು ಒಂದಂಗುಲ ಎದ್ದರೂ ಸಾಕು, ಕಂಬ ಬಿದ್ದೇ ಹೋಗುತ್ತದೆ.

ಅದರಡಿಯ ಕಾಂಕ್ರೀಟು ಘನ ಅಡಿಗೆ ಸುಮಾರು 150 ಪೌಂಡ್ ತೂಗುತ್ತದೆ. 16 ಅಂಗುಲ ಚೌಕ, 2 ಅಡಿ ಆಳದ ಪಾಯವೆಂದರೆ 530 ಪೌಂಡ್ ಅಷ್ಟೇ. ಹಳೆಯ ಪ್ಯಾಟಿಯೊದ 4 ಅಂಗುಲದ ಹಾಸಿನ ಮೇಲೆ ಆಮೇಲೆ ಮಾಡು ಎಬ್ಬಿಸಿದ್ದರೆ ಪಾಯವೇ ಇರದಿರಬಹುದು. ಹಾಗೆ ಅನುಮಾನ ಬಂದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ; ಇದು ಶನಿವಾರದ ಸ್ವಂತ ಕೆಲಸವಲ್ಲ, ಪರ್ಮಿಟ್ ಕೂಡ ಬೇಕು. 1992ರ ಆಂಡ್ರ್ಯೂ ಹರಿಕೇನ್ ದಕ್ಷಿಣ ಫ್ಲಾರಿಡಾವನ್ನು ಬಯಲು ಮಾಡಿದ ಮೇಲೆ ಕಟ್ಟಡ ನಿಯಮಗಳು ಬಿಗಿಯಾದವು, 2002ರ ಮಾರ್ಚಿನಿಂದ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ ಜಾರಿಗೆ ಬಂತು. ಮನೆ ಅದಕ್ಕಿಂತ ಹಳೆಯದಾದರೆ ತಪಾಸಣೆಗೆ ಖರ್ಚು ಮಾಡಿದ್ದು ವ್ಯರ್ಥವಾಗದು.

ಸೂರಿನ ಅಡಿಗೆ ಹೊದಿಸಿದ ತೆಳು ಹಲಗೆ, ಸಾಫಿಟ್, ಯಾರ ಗಮನಕ್ಕೂ ಬಾರದ ಜಾಗ. ವಿನೈಲ್ ಸಾಫಿಟ್ ಕಿತ್ತುಬಂದರೆ ಮಳೆ ಅಡ್ಡಡ್ಡವಾಗಿ ಬಂದು ಅಟ್ಟಕ್ಕೆ ನುಗ್ಗಿ, ಜಿಪ್ಸಮ್ ಚಾವಣಿ ನೆನೆದು ಕೋಣೆಯೊಳಗೆ ಕುಸಿಯುತ್ತದೆ. ಕೈಯಿಂದ ಒತ್ತಿ ನೋಡಿ. ಅಲುಗಾಡಿದರೆ ಗೋಡೆಗೆ ತಾಗುವ ಅಂಚಿನಲ್ಲಿ ಪಾಲಿಯುರೆಥೇನ್ ಸೀಲೆಂಟ್ ಗೆರೆ ಎಳೆದು, ಸ್ಟೇನ್‌ಲೆಸ್ ಸ್ಕ್ರೂನಿಂದ ಮರದ ಪಟ್ಟಿಗೆ ಬಿಗಿಯಿರಿ.

ಪರದೆಗೂಡಿನ ತುಕ್ಕು

ಪೂಲ್ ಕೇಜ್ ಬೀಳುವುದು ಅಲ್ಯುಮಿನಿಯಂ ಮುರಿದು ಎನ್ನುವುದಕ್ಕಿಂತ ಸ್ಕ್ರೂ ಕಳಚಿ. ಅಲ್ಯುಮಿನಿಯಂಗೆ ಉಕ್ಕಿನ ಸ್ಕ್ರೂ, ಜೊತೆಗೆ ಕ್ಲೋರಿನ್, ಉಪ್ಪುಗಾಳಿ: ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಸವೆತ ಶುರುವಾಗುತ್ತದೆ. ಹೊರಗೆ ತಲೆಯ ಮೇಲೆ ಕಂದು ಕಲೆ ಕಂಡರೆ ಒಳಗೆ ದಂಡು ಸವೆದು ಪೆನ್ಸಿಲ್ ಸೀಸದಷ್ಟಾಗಿರಬಹುದು. ಅಂಥವನ್ನೆಲ್ಲ ಬದಲಿಸಿ. ನಿಯಮ ಒಂದೇ: ಒಂದು ಬಿಚ್ಚಿ, ಅದರ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಇನ್ನೊಂದು. ಒಂದು ಕೂಡುಗಂಟಿನ ನಾಲ್ಕನ್ನೂ ಒಮ್ಮೆಗೇ ಬಿಚ್ಚಿದರೆ ಚೌಕಟ್ಟು ಜರುಗಿ ತೂತು ಕೂಡುವುದಿಲ್ಲ. ಹೊಸದು ಸ್ಟೇನ್‌ಲೆಸ್ ಅಥವಾ ಲೇಪನವಿರುವ ಸ್ಕ್ರೂ ಆಗಿರಲಿ, ಅಡಿಗೆ ನೈಲಾನ್ ವಾಷರ್ ಇರಲಿ.

ಬುಡದ ಚೌಕಟ್ಟನ್ನು ಕಾಂಕ್ರೀಟಿಗೆ ಹಿಡಿದಿರುವುದು ಟ್ಯಾಪ್‌ಕಾನ್ ಸ್ಕ್ರೂ. ಕಾಲಂಗುಲ ದಪ್ಪದ್ದಕ್ಕೆ 3/16 ಅಂಗುಲದ ಬಿಟ್ಟು, ಹ್ಯಾಮರ್ ಡ್ರಿಲ್ ಬೇಕು. ಸ್ಕ್ರೂ ಕನಿಷ್ಠ ಒಂದಂಗುಲ, ಆದಷ್ಟು ಒಂದೂಮುಕ್ಕಾಲು ಅಂಗುಲ ಕಾಂಕ್ರೀಟಿನೊಳಗೆ ಇಳಿಯಬೇಕು. ತೂತು ಅದಕ್ಕಿಂತ ಅರ್ಧ ಅಂಗುಲ ಆಳ ಕೊರೆಯಿರಿ. ಒಳಗಿನ ಪುಡಿ ಊದಿ ತೆಗೆಯದಿದ್ದರೆ ಸ್ಕ್ರೂ ಅರ್ಧಕ್ಕೇ ನಿಂತು, ಬಲವಂತ ಮಾಡಿದರೆ ಕತ್ತು ಮುರಿಯುತ್ತದೆ. ಹಳೆಯ ತೂತು ಸವೆದಿದ್ದರೆ ಅದೇ ತೂತಿಗೆ ಹಾಕದೆ ಎರಡಂಗುಲ ಸರಿದು ಹೊಸದು ಕೊರೆಯಿರಿ. ಮೂಲೆಗಳಲ್ಲಿ ಓರೆಯಾಗಿ ಎಳೆದ ಸ್ಟೇನ್‌ಲೆಸ್ ಕೇಬಲ್ ಇದ್ದರೆ ಅದು ಜೋತು ಬಿದ್ದಿರಬಾರದು. ವೀಣೆಯ ತಂತಿಯಂತೆ ಬಿಗಿಯುವುದೂ ಬೇಡ. ಬೆರಳಲ್ಲಿ ಮೀಟಿದರೆ ಅಲುಗಿ ನಿಲ್ಲುವಷ್ಟು ಸಾಕು.

ನೀರು ಹೋಗುವ ದಾರಿ

ಪ್ಯಾಟಿಯೊ ನೆಲಕ್ಕೆ ಮನೆಯಿಂದ ಹೊರಕ್ಕೆ ಅಡಿಗೆ 1/8ರಿಂದ 1/4 ಅಂಗುಲ ವಾಟ ಇರಬೇಕು. ಹೋಸ್ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿ, ಎಲ್ಲಿ ನಿಲ್ಲುತ್ತದೋ ಗುರುತು ಮಾಡಿ. ಜಾಲರಿಯ ಕಾಲುವೆ ಇದ್ದರೆ ಜಾಲರಿ ಎತ್ತಿ ಒಳಗಿನ ಎಲೆ, ಮಣ್ಣು ಬಾಚಿ, ಇನ್ನೊಂದು ತುದಿಯಲ್ಲಿ ನೀರು ನಿಜಕ್ಕೂ ಹೊರಗೆ ಬರುತ್ತಿದೆಯೇ ಹೋಗಿ ನೋಡಿ. ಸೂರಿನ ದೋಣಿಗಳೂ ಅಷ್ಟೇ.

ಜಾರುಬಾಗಿಲಿನ ಕೆಳಹಳಿಯ ಹೊರಮುಖದಲ್ಲಿ ಸಣ್ಣ ಸೀಳುಗಳಿವೆ. ಹಳಿಗೆ ಬಿದ್ದ ಮಳೆನೀರು ಅಲ್ಲಿಂದ ಹೊರಗೆ ಹರಿಯಬೇಕು. ಮರಳು, ಸತ್ತ ಇರುವೆ ಕಟ್ಟಿಕೊಂಡರೆ ಹಳಿ ತುಂಬಿ ನೀರು ಹಾಲಿಗೆ ಬರುತ್ತದೆ. ನೀರು ಬರುವ ದಾರಿಯೇ ಇದು ಎಂದು ತಪ್ಪಾಗಿ ತಿಳಿದು ಸೀಳಿಗೆ ಸಿಲಿಕೋನ್ ತುಂಬಿ ಮುಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಯಾರಾದರೂ ಮಾಡಿದ್ದರೆ ಕೆರೆದು ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ಷು, ತೆಳು ತಂತಿ ಸಾಕು. ಶುಚಿ ಮಾಡಿ ಒಂದು ಚೊಂಬು ನೀರು ಹುಯ್ದರೆ ಅರ್ಧ ನಿಮಿಷದಲ್ಲಿ ಖಾಲಿಯಾಗಬೇಕು.

ಬಾಗಿಲ ಗಾಜು ಹೊಡೆತ ತಾಳುವ ಇಂಪ್ಯಾಕ್ಟ್ ಗಾಜೇ ಎಂದು ಮೂಲೆಯಲ್ಲಿ ಕೊರೆದ ಗುರುತು ನೋಡಿ ತಿಳಿಯಿರಿ. ಅಂಥ ಗಾಜನ್ನು ಪರೀಕ್ಷಿಸುವುದು 9 ಪೌಂಡಿನ ಮರದ ರೀಪನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ಗುಂಡಿನಂತೆ ಹೊಡೆದು. ಅಲ್ಲವಾದರೆ ಶಟರ್ ಬೇಕು, ಇಲ್ಲವೇ ಕನಿಷ್ಠ 5/8 ಅಂಗುಲದ ಪ್ಲೈವುಡ್. ಪ್ಲೈವುಡ್ಡನ್ನು ಮೇ ತಿಂಗಳಲ್ಲೇ ಕತ್ತರಿಸಿ, ತೂತು ಕೊರೆದು, ಯಾವ ಬಾಗಿಲಿನದು ಯಾವ ಕಡೆ ಮೇಲೆ ಎಂದು ಬರೆದಿಡಿ. ಬಿರುಗಾಳಿಯ ಹೆಸರು ಸುದ್ದಿಯಲ್ಲಿ ಬಂದ ದಿನ ಅಂಗಡಿಯಲ್ಲಿ ಪ್ಲೈವುಡ್ ಸಿಗುವುದು ಕಷ್ಟ. ಕಾಲಂಗುಲದ ಲ್ಯಾಗ್ ಸ್ಕ್ರೂ (ಬೋಲ್ಟಿನಂಥ ತಲೆಯ ದಪ್ಪ ಸ್ಕ್ರೂ), ಅಡಿಗೆ ಒಂದರಂತೆ, ಗೋಡೆಯ ಗಟ್ಟಿ ಭಾಗಕ್ಕೆ ಎರಡಂಗುಲ ಇಳಿಯಬೇಕು, ಚೌಕಟ್ಟಿನ ಅಲಂಕಾರದ ಪಟ್ಟಿಗಲ್ಲ. ಜಾರುಬಾಗಿಲಿನ ಅಗಲಕ್ಕೆ ಎರಡು ಹಾಳೆ ಬೇಕಾಗುವುದರಿಂದ ನಡುಗೂಡಿಗೆ ಹಿಂದಿನಿಂದ 2×4 ಮರದ ಆಸರೆ ಕೊಡಿ. ಗಾಜಿಗೆ ಟೇಪು ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ, ಗಾಜು ದೊಡ್ಡ ದೊಡ್ಡ ಚೂರಾಗಿ ಬೀಳುತ್ತದೆ.

ಮರ, ಕುಂಡ, ಕಾಗದ

ಪ್ಯಾಟಿಯೊ ಮೇಲೆ ಬಾಗಿದ ಕೊಂಬೆ ತೆಗೆಸುವುದು ಮೇ ತಿಂಗಳಲ್ಲೇ ಆಗಬೇಕು. ಎಚ್ಚರಿಕೆ ಹೊರಟ ಮೇಲೆ ಕಡಿದರೆ ಕಸದ ಲಾರಿ ಬರುವುದಿಲ್ಲ, ಕಡಿದ ರಾಶಿಯೇ ಗಾಳಿಯ ಕೈಗೆ ಆಯುಧ ಕೊಟ್ಟಂತೆ. ತಾಳೆಜಾತಿಯ ಮರಗಳನ್ನು ಜುಟ್ಟು ಬಿಟ್ಟಂತೆ ಬೋಳಿಸುವುದನ್ನು ಇಲ್ಲಿ ಹರಿಕೇನ್ ಕಟ್ ಎನ್ನುತ್ತಾರೆ. ಅದರಿಂದ ಮರ ಬಲವಾಗುವುದಿಲ್ಲ, ಸೊರಗುತ್ತದೆ. ಗಡಿಯಾರದ 9 ಮತ್ತು 3ರ ಗೆರೆಗಿಂತ ಮೇಲಿನ ಹಸಿರು ಗರಿ ಮುಟ್ಟಬೇಡಿ. ಒಣಗರಿ, ತೆಂಗಿನಕಾಯಿ ಇಳಿಸಿ.

ತುಳಸಿ, ಕರಿಬೇವು, ಮಲ್ಲಿಗೆಯ ಕುಂಡಗಳು ಎಷ್ಟಿವೆ ಎಂದು ಎಣಿಸಿ, ಗರಾಜಿನಲ್ಲಿ ಅಷ್ಟಕ್ಕೆ ಜಾಗ ಅಳೆದಿಡಿ. ದೊಡ್ಡ ಕುಂಡಕ್ಕೆ ಈಗಲೇ ಗಾಲಿಯ ತಟ್ಟೆ ಕೊಂಡರೆ ಆಮೇಲೆ ಸೊಂಟ ಉಳಿಯುತ್ತದೆ.

ಪ್ರತಿ ಮೂಲೆಯ ಫೋಟೊ, ವಿಡಿಯೊ ತೆಗೆದಿಡಿ. ಫ್ಲಾರಿಡಾದ ಬಹಳಷ್ಟು ಮನೆ ಪಾಲಿಸಿಗಳಲ್ಲಿ ಪರದೆಗೂಡನ್ನು ಪ್ರತ್ಯೇಕವಾಗಿ ಸೇರಿಸಿರದಿದ್ದರೆ ಪರಿಹಾರ ಸಿಗದು. ಅಮೆರಿಕದ ಕೇಂದ್ರ ಸರ್ಕಾರದ ನೆರೆವಿಮೆ ಸಾಮಾನ್ಯವಾಗಿ ಜಾರಿಗೆ ಬರಲು 30 ದಿನ ಹಿಡಿಯುತ್ತದೆ, ಮತ್ತು ಅದು ಮನೆಯ ಹೊರಗಿನ ಪ್ಯಾಟಿಯೊ, ಡೆಕ್, ಬೇಲಿ, ಈಜುಕೊಳಗಳಿಗೆ ಅನ್ವಯಿಸುವುದಿಲ್ಲ.

ಬಿರುಗಾಳಿ ಹೊರಟಿದೆ ಎಂದಾಗ

ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಕೊಡುವ ನಕ್ಷೆಗಳಲ್ಲಿ ಎಲ್ಲರೂ ನೋಡುವುದು ಶಂಕುವಿನಾಕಾರದ ಕೋನ್ ನಕ್ಷೆ. ಅದು ತೋರಿಸುವುದು ಸುಳಿಯ ನಡುಬಿಂದು ಹೋಗಬಹುದಾದ ದಾರಿಯನ್ನಷ್ಟೇ. ಗಾಳಿ, ನೀರು ಅದರ ಹೊರಗೂ ನೂರಾರು ಮೈಲಿ ಹಬ್ಬಿರುತ್ತದೆ. ಪ್ಯಾಟಿಯೊ ಕೆಲಸಕ್ಕೆ ಬೇಕಾದದ್ದು ಇನ್ನೊಂದು ನಕ್ಷೆ: ಗಂಟೆಗೆ 39 ಮೈಲಿ ಮೀರಿದ ಗಾಳಿ ನಿಮ್ಮೂರಿಗೆ ಬೇಗನೆಂದರೆ ಎಷ್ಟು ಹೊತ್ತಿಗೆ ಬರಬಹುದು ಎಂದು ಹೇಳುವುದು. ಸುಳಿ ನೆಲ ಮುಟ್ಟುವ ಹೊತ್ತನ್ನು ಗಡುವೆಂದು ಎಣಿಸಬೇಡಿ. ಈ ಹೊತ್ತೇ ನಿಮ್ಮ ಗಡುವು. ಆ ಸೆಂಟರ್ ಹೊರಡಿಸುವ ಎಚ್ಚರಿಕೆಗಳಲ್ಲಿ ವಾಚ್ ಎಂದರೆ ಆ ಗಾಳಿಗೆ ಸುಮಾರು 48 ಗಂಟೆ ಇದೆ, ವಾರ್ನಿಂಗ್ ಎಂದರೆ 36 ಗಂಟೆ ಇದೆ ಎಂದರ್ಥ. ಬೀಸು 25 ಮೈಲಿ ಮುಟ್ಟಿದರೆ ಏಣಿ ಹತ್ತುವ ಕೆಲಸ ನಿಲ್ಲಿಸಿ. ಪ್ಲೈವುಡ್ ಹಾಳೆ ಹಿಡಿದವರನ್ನು ಅದು ಹಾಯಿಯಂತೆ ಎಳೆದು ಬೀಳಿಸುತ್ತದೆ.

ಐದು ದಿನ ಇರುವಾಗ ದೊಡ್ಡ ಸಾಮಾನು ಬಿಚ್ಚುವುದನ್ನು ಶುರು ಮಾಡಿ, ಅವಕ್ಕೇ ಹೆಚ್ಚು ಹೊತ್ತು ಬೇಕು. ಮಕ್ಕಳ ಟ್ರ್ಯಾಂಪೊಲಿನ್ ಮೊದಲು: ಬಲೆ, ಹಾಸು, ಸ್ಪ್ರಿಂಗ್ ಬಿಚ್ಚಿ, ಬಳೆಯಾಕಾರದ ಕಂಬಿಗಳನ್ನು ತುಂಡುತುಂಡಾಗಿ ಗರಾಜಿಗೆ ಹಾಕಿ. ಗೂಟಕ್ಕೆ ಕಟ್ಟಿಟ್ಟರೆ ಆದೀತೆಂದು ನಂಬಬೇಡಿ, ನೆನೆದ ಮರಳು ಮಣ್ಣಿನಲ್ಲಿ ಗೂಟ ಬೆಣ್ಣೆಯಲ್ಲಿ ನೆಟ್ಟ ಕಡ್ಡಿಯ ಹಾಗೆ. ನೆರಳಿನ ಬಟ್ಟೆ, ಮಡಚುವ ಮೇಲಾವರಣ, ಕೊಡೆ ಇಳಿಸಿ. ಉಯ್ಯಾಲೆಯನ್ನು ಕೊಕ್ಕೆಯಿಂದ ಇಳಿಸಿ, ಸರಪಣಿಯನ್ನು ಮಾತ್ರ ಬಿಟ್ಟುಹೋಗಬೇಡಿ, ಅದು ರಾತ್ರಿಯಿಡೀ ಗಾಜಿಗೆ ಚಾಟಿ ಬೀಸುತ್ತದೆ. ಚಾವಣಿ ಫ್ಯಾನಿನ ರೆಕ್ಕೆ ಬಿಚ್ಚಿ, ಸ್ಕ್ರೂಗಳನ್ನು ಜಿಪ್ ಚೀಲದಲ್ಲಿ ಹಾಕಿ ರೆಕ್ಕೆಗೇ ಅಂಟಿಸಿ.

ಮೂರು ದಿನದಿಂದ ಒಂದೂವರೆ ದಿನದೊಳಗೆ ಉಳಿದದ್ದೆಲ್ಲ ಒಳಗೆ: ಕುರ್ಚಿ, ಮೆತ್ತೆ, ಕುಂಡ, ಕಾಲೊರೆಸು, ಗಾಳಿಗಂಟೆ, ಕಸದ ಡಬ್ಬ, ತೋರಣ, ಸೀರಿಯಲ್ ಸೆಟ್. ಬೊಂಬೆಹಬ್ಬದ ಮೆಟ್ಟಿಲು ಲನಾಯಿನಲ್ಲಿ ಕಟ್ಟಿದ್ದರೆ ಅದೂ. ಮೊದಲು ಗಾಜಿನ ಮೇಜಿನ ಹಲಗೆ; ಅದನ್ನು ಕಂಬಳಿ ಸುತ್ತಿ ಗೋಡೆಗೆ ನಿಲ್ಲಿಸಿಡಿ. ಗರಾಜಿನಲ್ಲಿ ಜಾಗ ಸಾಲದಿದ್ದರೆ ಕಾರನ್ನು ಹೊರಗೆ ನಿಲ್ಲಿಸುವ ಬದಲು ಕುರ್ಚಿಗಳನ್ನು ಊಟದ ಕೋಣೆಗೆ ತನ್ನಿ. ಬಾಲ್ಕನಿ ಇರುವ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಕಟ್ಟುನಿಟ್ಟು: ಒಂದು ಬಟ್ಟೆಕ್ಲಿಪ್ಪೂ ಉಳಿಯಬಾರದು. ಎತ್ತರ ಹೋದಂತೆ ಗಾಳಿ ಜೋರು.

ಒಳಗೆ ತರಲಾಗದ್ದನ್ನು ಮಾತ್ರ ಕಟ್ಟಿ. ಕಲ್ಲಿನ ಬೆಂಚು, ಭಾರದ ಅಡುಗೆಕಟ್ಟೆ ಇಂಥವು. ಒಂದಂಗುಲ ಅಗಲದ, ಹಿಡಿ ಆಡಿಸಿ ಬಿಗಿಯುವ ರ್‍ಯಾಚೆಟ್ ಪಟ್ಟಿ ಬಳಸಿ. ಬಂಜಿ ಹಗ್ಗ ಹಿಗ್ಗುತ್ತದೆ, ನೈಲಾನ್ ಹಗ್ಗ ನೆನೆದರೆ ಸಡಿಲವಾಗುತ್ತದೆ. ಕಟ್ಟುವುದು ಕಾಂಕ್ರೀಟಿಗೆ ಕೂರಿಸಿದ ಕಣ್ಣುಬೋಲ್ಟಿಗೆ. ಪೋರ್ಚಿನ ಕಂಬಕ್ಕೋ ಪರದೆಗೂಡಿನ ಕಾಲಿಗೋ ಕಟ್ಟಿದರೆ ಆ ಸಾಮಾನಿನ ಮೇಲೆ ಬಿದ್ದ ಗಾಳಿಯ ಬಲವೆಲ್ಲ ಈಗಾಗಲೇ ಒದ್ದಾಡುತ್ತಿರುವ ಕಂಬಕ್ಕೆ ಸೇರುತ್ತದೆ.

ಈಜುಕೊಳಕ್ಕೆ ಕುರ್ಚಿ ಎಸೆಯುವ ರೂಢಿಯಿದೆ. ಗಾಜು, ಕಬ್ಬಿಣವನ್ನಂತೂ ಹಾಕಲೇಬೇಡಿ: ಕೊಳದ ಗಾರೆ ಗೀರುತ್ತದೆ, ತುಕ್ಕಿನ ಕಲೆ ಹೋಗುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಪ್ಲಾಸ್ಟಿಕ್ ಕುರ್ಚಿಯನ್ನು ಮೆಲ್ಲಗೆ ಇಳಿಸಬಹುದು, ಗಾಳಿ ಹೋದ ಮರುದಿನವೇ ತೆಗೆಯಬೇಕು. ಕೊಳದ ನೀರನ್ನು ಖಾಲಿ ಮಾಡಬೇಡಿ. ಮಳೆಗೆ ಸುತ್ತಲಿನ ನೆಲದ ನೀರು ಏರಿದಾಗ ಖಾಲಿ ಕೊಳ ದೋಣಿಯಂತೆ ಮೇಲೆದ್ದು ಬಿರುಕು ಬಿಡುತ್ತದೆ. ಒಂದು ಅಡಿಗಿಂತ ಹೆಚ್ಚು ಇಳಿಸುವ ಅಗತ್ಯವಿಲ್ಲ. ಪಂಪಿನ ಬ್ರೇಕರ್ ಆರಿಸಿ.

ಗ್ಯಾಸು ಮತ್ತು ಜನರೇಟರ್

ಗ್ರಿಲ್ಲಿನ 20 ಪೌಂಡಿನ ಪ್ರೊಪೇನ್ ಸಿಲಿಂಡರನ್ನು ಮನೆಯೊಳಗಾಗಲಿ ಗರಾಜಿಗಾಗಲಿ ತರಬಾರದು. ವಾಲ್ವ್ ಮುಚ್ಚಿ, ಕಳಚಿ, ಹೊರಗೆ ಕಿಟಕಿ ಬಾಗಿಲಿನಿಂದ ದೂರ ನೇರವಾಗಿ ನಿಲ್ಲಿಸಿ, ಗಟ್ಟಿಯಾದ ಆಸರೆಗೆ ಎರಡು ಕಡೆ ಪಟ್ಟಿ ಬಿಗಿಯಿರಿ. ಸಿಲಿಂಡರ್ ಇಲ್ಲದ ಗ್ರಿಲ್ ಮಾತ್ರ ಗರಾಜಿಗೆ.

ಮಳೆ ತಾಗದಿರಲೆಂದು ಜನರೇಟರನ್ನು ಲನಾಯಿನಲ್ಲೋ ಪೋರ್ಚಿನಲ್ಲೋ ಇಟ್ಟು ಓಡಿಸುವುದರಿಂದ ಜೀವಗಳು ಹೋಗಿವೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರದೆಯಿದ್ದರೂ, ಬಾಗಿಲು ಮುಚ್ಚಿದ್ದರೂ ಒಳಗೆ ಬರುತ್ತದೆ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಮನೆಗೆ ಬೆನ್ನಾಗಿರಬೇಕು. ಗಾಳಿ ಮಳೆ ಪೂರ್ತಿ ನಿಂತ ಮೇಲಷ್ಟೇ ಓಡಿಸಿ. ಕರೆಂಟು ಹೋಗಿ ಫ್ರಿಜ್ಜಿನ ಹಿಟ್ಟು ಹುಳಿಯಾದರೂ ಚಿಂತೆಯಿಲ್ಲ, ಈ 20 ಅಡಿಯಲ್ಲಿ ರಾಜಿ ಬೇಡ. ಮನೆಯೊಳಗೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಪರದೆ ಕತ್ತರಿಸಬೇಕೇ?

ಹೊಸ ಪರದೆಗೂಡುಗಳಲ್ಲಿ ಕೆಲವಕ್ಕೆ ಒಂದು ಚೀಟಿ ಅಂಟಿಸಿರುತ್ತಾರೆ: ಗಾಳಿ 75 ಮೈಲಿ ಮೀರುವ ನಿರೀಕ್ಷೆಯಿದ್ದರೆ ಪರದೆ ತೆಗೆಯಿರಿ ಅಥವಾ ಕತ್ತರಿಸಿ ಎಂದು. ಚೀಟಿಯಿದ್ದರೆ ಆ ಮಾತು ಪಾಲಿಸಿ, ಚೌಕಟ್ಟನ್ನು ಆ ಲೆಕ್ಕದ ಮೇಲೇ ಕಟ್ಟಿರುತ್ತಾರೆ. ಇಲ್ಲದಿದ್ದರೂ ಮೂರನೆಯ ದರ್ಜೆಯದು, ಅಂದರೆ 111 ಮೈಲಿ ಮೀರಿದ್ದು, ನೇರ ಬರುತ್ತಿದ್ದರೆ ಪರದೆಯ ಆಸೆ ಬಿಡುವುದೇ ಸರಿ. ಪರದೆ ಮರಳಿ ಹಾಕುವುದು ಕೆಲವು ದಿನದ ಕೆಲಸ. ಚೌಕಟ್ಟು ಬಿದ್ದರೆ ಹೊಸ ಪರ್ಮಿಟ್, ತಿಂಗಳುಗಟ್ಟಲೆ ಕಾಯುವಿಕೆ, ಜೊತೆಗೆ ಬಿದ್ದದ್ದು ಮನೆಯ ಸೂರನ್ನೂ ಕಿತ್ತುಕೊಂಡು ಹೋಗುತ್ತದೆ.

ಹೊತ್ತಿದ್ದರೆ ಕತ್ತರಿಸುವ ಬದಲು ಬಿಚ್ಚಿ. ಪರದೆಯನ್ನು ಕಾಲುವೆಯಲ್ಲಿ ಒತ್ತಿ ಹಿಡಿದಿರುವುದು ಸ್ಪ್ಲೈನ್ ಎಂಬ ರಬ್ಬರ್ ಬಳ್ಳಿ. ಒಂದು ಮೂಲೆಯಲ್ಲಿ ಸ್ಕ್ರೂಡ್ರೈವರಿನಿಂದ ಎತ್ತಿ ಎಳೆದರೆ ಉದ್ದಕ್ಕೂ ಬರುತ್ತದೆ. ಪರದೆ ಸುರುಳಿ ಸುತ್ತಿ, ಯಾವ ಚೌಕದ್ದೆಂದು ಸಂಖ್ಯೆ ಬರೆದಿಡಿ. ಹೊತ್ತಿಲ್ಲದಿದ್ದರೆ ಕೈಗೆಟಕುವ ಗೋಡೆಪರದೆಗಳನ್ನು ಮೂರು ಅಂಚಿನುದ್ದಕ್ಕೂ ಅಲ್ಲ, ನಾಲ್ಕೂ ಅಂಚಿಗೆ ಪೂರ್ತಿ ಕೊಯ್ದು ತೆಗೆದುಬಿಡಿ. ಅರ್ಧ ನೇತಾಡುವ ಪರದೆ ಚೌಕಟ್ಟನ್ನು ಜಗ್ಗುತ್ತಲೇ ಇರುತ್ತದೆ. ಗಾಳಿ ಬರುವ ಕಡೆಯದನ್ನೂ ಅದರ ಎದುರು ಬದಿಯದನ್ನೂ ಎರಡನ್ನೂ ತೆರೆಯಿರಿ. ಕೇಜಿನ ಮೇಲೆ ಹತ್ತಬೇಡಿ, ಆ ತೊಲೆಗಳು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ.

ಕತ್ತರಿಸಿದ ಕ್ಷಣದಿಂದ ಇನ್ನೊಂದು ಅಪಾಯ ಶುರು. ಫ್ಲಾರಿಡಾದ ಎಷ್ಟೋ ಮನೆಗಳಲ್ಲಿ ಪರದೆಗೂಡೇ ಈಜುಕೊಳಕ್ಕೆ ಕಾನೂನು ಕೇಳುವ ತಡೆಬೇಲಿ. ಅದು ಹೋದರೆ ಪಕ್ಕದ ಮನೆಯ ಮಗುವೂ ನಡೆದು ಬಂದು ನೀರಿಗಿಳಿಯಬಹುದು. ಪರದೆ ಮರಳುವವರೆಗೆ ಹಿಂಬಾಗಿಲಿಗೆ ಮೇಲುಚಿಲಕ, ಕೊಳದ ಸುತ್ತ ತಾತ್ಕಾಲಿಕ ಬಲೆಬೇಲಿ ಇರಲಿ.

ಗಾಳಿ ಹೋದ ಮೇಲೆ

ಬೆಳಕು ಹರಿಯುವವರೆಗೆ ಹೊರಗೆ ಹೋಗಬೇಡಿ. ಮೊದಲು ಕಿಟಕಿಯಿಂದಲೇ ನೋಡಿ: ಕರೆಂಟಿನ ತಂತಿ ಪರದೆಗೂಡಿನ ಮೇಲೆ, ಬೇಲಿಯ ಮೇಲೆ ಬಿದ್ದಿದೆಯೇ? ಅಲ್ಯುಮಿನಿಯಂ ಚೌಕಟ್ಟಿನ ಒಂದು ತುದಿಗೆ ತಂತಿ ತಾಗಿದ್ದರೆ ಇಡೀ ಗೂಡಿಗೆ ಕರೆಂಟು ಬಂದಿರುತ್ತದೆ, ಒದ್ದೆ ನೆಲಕ್ಕೂ. ವಿದ್ಯುತ್ ಕಂಪನಿಯವರು ಬರುವವರೆಗೆ ಆ ಬಾಗಿಲು ತೆರೆಯಲೇಬೇಡಿ.

ಎಲ್ಲ ಸರಿಯಿದ್ದರೆ, ಏನನ್ನೂ ಎತ್ತುವ ಮುನ್ನ ಫೋಟೊ ತೆಗೆಯಿರಿ. ಆಮೇಲೆ ಸಿಹಿನೀರಿನಿಂದ ಚೌಕಟ್ಟು, ಬೋಲ್ಟು, ಬಾಗಿಲ ಹಳಿ ತೊಳೆಯಿರಿ. ಬಿರುಗಾಳಿ ಸಮುದ್ರದ ಉಪ್ಪನ್ನು ಒಳನಾಡಿಗೂ ಹೊತ್ತು ತರುತ್ತದೆ. ನೆನೆದ ಮೆತ್ತೆಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಸಮುದ್ರದ ನೀರಲ್ಲಿ ಅಥವಾ ನೆರೆಯಲ್ಲಿ ಮುಳುಗಿದ ಮೆತ್ತೆಯನ್ನು ಒಣಗಿಸುವ ಗೋಜಿಗೆ ಹೋಗದೆ ಎಸೆಯಿರಿ, ಅದರಲ್ಲಿ ಚರಂಡಿಯೂ ಸೇರಿರುತ್ತದೆ. ಕುಂಡದ ತಟ್ಟೆ, ಬಕೆಟ್ಟುಗಳ ನೀರು ಚೆಲ್ಲಿ, ಸೊಳ್ಳೆ ವಾರದೊಳಗೆ ಹುಟ್ಟುತ್ತದೆ.

ಕೇಜಿನ ಕೂಡುಗಂಟುಗಳನ್ನು, ಬುಡದ ಟ್ಯಾಪ್‌ಕಾನ್‌ಗಳನ್ನು ಮತ್ತೆ ಒಂದೊಂದಾಗಿ ನೋಡಿ. ಸ್ಕ್ರೂವಿನ ತೂತು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಆ ಗಂಟು ರಾತ್ರಿಯಿಡೀ ಆಡಿದೆ; ಬಿಗಿದರೆ ಸಾಲದು, ಪಕ್ಕದಲ್ಲಿ ಹೊಸ ಸ್ಕ್ರೂ ಬೇಕು. ಹೊಸ ಪರದೆಗೆ ಅಂಗಡಿಯಲ್ಲಿ 18×14 ಎಂಬ ಸಾಧಾರಣ ಫೈಬರ್‌ಗ್ಲಾಸ್ ಜಾಲರಿ ಕೇಳಿ. 20×20ರ ಸಣ್ಣ ಕಣ್ಣಿನದು ನುಸಿಯನ್ನೂ ತಡೆಯುತ್ತದೆ ನಿಜ, ಆದರೆ ಗಾಳಿಯನ್ನೂ ಹೆಚ್ಚು ತಡೆಯುವುದರಿಂದ ಚೌಕಟ್ಟಿಗೆ ಹೆಚ್ಚಿನ ಭಾರ. ಇನ್ನೂ ಸೆಪ್ಟೆಂಬರ್, ಅಕ್ಟೋಬರ್ ಆಗಿದ್ದರೆ ಕೊಳದ ತಡೆಬೇಲಿಯಾಗುವ ಕೆಳಗಿನ ಗೋಡೆಪರದೆಗಳನ್ನು ಮಾತ್ರ ತಕ್ಷಣ ಹಾಕಿಸಿ. ಮೇಲಿನ ಚಾವಣಿ ಪರದೆಗಳು ಡಿಸೆಂಬರಿಗೆ ಬರಲಿ.